ಅಂಚಿನಲ್ಲಿ ಒತ್ತಿದರೆ

ಮಾರ್ಚ್ ೧೪, ಗುರುವಾರ

ನಾನು ವಿನ್ಯಾಸ ಮಾಡಿದ ಕಾರಿನ ಹೊಸ ಹಾರ್ನ್ ಸ್ವಿಚ್ ಇವತ್ತು ಕಂಪನಿಯ ಪರೀಕ್ಷೆಯಲ್ಲಿ ಪಾಸಾಯಿತು. ಸ್ಟೀರಿಂಗ್ ತಿರುಗಿಸುತ್ತಾ ಅಂಗೈಯಿಂದ ಅಂಚನ್ನು ಹಗುರಾಗಿ ಒತ್ತಿದರೂ ಕೂಗುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ.

ಹಳೆಯ ಸ್ವಿಚ್ಚೂ ನನ್ನದೇ. ಪರೀಕ್ಷೆಯಲ್ಲಿ ಅದನ್ನು ಯಂತ್ರದ ಬೆರಳು ಲಕ್ಷ ಸಲ ಒತ್ತಿತ್ತು, ಒಮ್ಮೆಯೂ ತಪ್ಪಿರಲಿಲ್ಲ. ಆದರೆ ಒತ್ತಿದ್ದೆಲ್ಲ ನಟ್ಟನಡುವೆ. ಗಾಬರಿಬಿದ್ದ ಮನುಷ್ಯ ನಡು ಹುಡುಕುತ್ತಾನೆಯೇ? ಅಪಘಾತದಲ್ಲಿ ಭಾವ ತೀರಿಕೊಂಡ ಕಾರಿನಿಂದ ಸ್ವಿಚ್ಚನ್ನು ನಾನೇ ಬಿಚ್ಚಿದೆ. ಅಂಚಿನಲ್ಲಿ ಒತ್ತಿದ್ದರು, ಅದು ಓರೆಯಾಗಿ ಕಚ್ಚಿಕೊಂಡೇ ಇತ್ತು; ಹಾರ್ನ್ ಕೂಗಿರಲಿಲ್ಲ. ಯಾರಿಗೂ ಹೇಳಲಿಲ್ಲ.

ಊಟದ ಹೊತ್ತಿಗೆ ಬಾಯಿ ಜಾರಿತು. "ಅಕ್ಕಾ, ಈಗ ಎಲ್ಲಿ ಒತ್ತಿದ್ರೂ ಕೂಗತ್ತೆ."

ಬಡಿಸುತ್ತಿದ್ದ ಅಕ್ಕನ ಸೌಟು ನಿಂತಿತು. "ಮೊದ್ಲು ಕೂಗ್ತಿರ್ಲಿಲ್ವಾ?"

ನಾನು ನೀರಿನ ಲೋಟ ಎತ್ತಿಕೊಂಡೆ. ಅವಳು ಸೌಟನ್ನು ಪಾತ್ರೆಯಲ್ಲಿಟ್ಟು ಒಳಗೆ ಹೋದಳು.

ಇದನ್ನು ಬರೆಯುತ್ತಿರುವಾಗಲೂ ನನ್ನ ಎಡಗೈ ಮೇಜಿನ ಅಂಚನ್ನು ಒತ್ತುತ್ತಲೇ ಇದೆ.