ದೊಡ್ಡ ಪರದೆ ಬೇಡ

ಕಮಗ್ವೇ

ಪ್ರೀತಿಯ ತಮ್ಮ ಓಸ್ಮಾನಿಗೆ,

ಅಮ್ಮ ನಿನ್ನನ್ನು ಚೆನ್ನಾಗಿ ನೋಡಲೆಂದು ನೀನು ಮ್ಯಾಡ್ರಿಡ್‌ನಿಂದ ಕಳಿಸುತ್ತೇನೆಂದ ಕಂಪ್ಯೂಟರ್ ಪರದೆ ಬೇಡ. ಈ ಕಾಗದ ತರುವ ಪಕ್ಕದ ಮನೆಯ ದುಲ್ಸೆ ವಾಪಸು ಬರುವಾಗ ಅವಳ ಪೆಟ್ಟಿಗೆಯಲ್ಲಿ ಒಡೆದರೆ? ಕಸ್ಟಮ್ಸಿನವರು ಹಿಡಿದರೆ? ರಿಪೇರಿಯ ಲಿಯೋನೆಲ್ ನಮ್ಮ ಹಳೇ ಕಂಪ್ಯೂಟರ್ ನೋಡಿ, "ಅಕ್ಕಾ, ಈ ಮುದಿ ಕತ್ತೆಗೆ ಒಂದು ಮೆಮರಿ ಹಾಕ್ಸಿ, ಕುದುರೆ ಆಗುತ್ತೆ" ಎನ್ನುತ್ತಾನೆ. ಅದೂ ಬೇಡ, ಕರೆಂಟೇ ಇರುವುದಿಲ್ಲ. ಬ್ಯಾಟರಿಯಲ್ಲಿ ನಡೆಯುವ, ಜೋರಾಗಿ ಕೇಳಿಸುವ ಸ್ಪೀಕರ್ ಮಾತ್ರ ಕಳಿಸು.

ಅಮ್ಮ ಪಕ್ಕದಲ್ಲೇ ಇರುತ್ತಾಳೆ, ಕರೆಯಲ್ಲಿ ಹೇಳಲಾಗಲಿಲ್ಲ. ಹೋದ ಭಾನುವಾರ ನೀನು ಮಾತಾಡುವಾಗ ನಮ್ಮ ಪರದೆ ಪೂರಾ ಕಪ್ಪಾಗಿತ್ತು, ದನಿ ಮಾತ್ರ ಬರುತ್ತಿತ್ತು. ಆದರೂ ಅವಳು, "ಏನೋ ಆ ಗಡ್ಡ, ಕಳ್ಳನ ಹಾಗೆ!" ಎಂದು ಬೈದಳಲ್ಲ, ಆಗಲೇ ನನಗೆ ತಿಳಿದದ್ದು. ಅವಳಿಗೆ ಕಣ್ಣು ಕಾಣುತ್ತಿಲ್ಲ. ಕೇಳಿದ್ದಕ್ಕೆ ಒಪ್ಪಿಕೊಂಡು, ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ.

ಎಂದಿನಂತೆ ಕ್ಯಾಮೆರಾದ ಮುಂದೆ ಬಂದು ಕೂತುಕೋ. ನಿನ್ನ ಮುಖ ಹೇಗಿದೆಯೆಂದು ಅವಳೇ ಹೇಳುತ್ತಾಳೆ. ಹೌದಮ್ಮ ಅನ್ನು.

ನಿನ್ನ ಅಕ್ಕ,
ಯುದೆಲ್ಕಿಸ್