ಎಂಟು ಬೀಳುವ ಮೊದಲು ಮಸ್ಕಿ

ಜನವರಿ 29
ಸಿಂಧನೂರು. ಸೊಸೈಟಿಯ ಕ್ಯಾಷ್ ಕೌಂಟರ್. ಹೊಟ್ಟೆಯೊಳಗಿನ ಸಾಹೇಬರು ಬೆಳಗ್ಗೆಯೇ ಎರಡು ಒದೆ ದಯಪಾಲಿಸಿದರು. ಗ್ರಾಹಕರೆದುರು ಗಂಭೀರವಾಗಿ ಸ್ವೀಕರಿಸಿದೆ.

ಮಧ್ಯಾಹ್ನ ಮಸ್ಕಿಯಿಂದ ಅಮ್ಮಿಯ ಫೋನ್.

"ಅಸ್ಮಾ, ಏಳು ತಿಂಗಳು ಮುಗಿಯೂದ್ರಾಗ ತವರಿಗೆ ಬಂದುಬಿಡು. ಎಂಟರಾಗ ಬಸುರಿ ಊರ ಗಡಿ ದಾಟಬಾರದು."

"ಯಾಕ, ಎಂಟರಾಗ ಬಸ್ಸಿನ್ಯಾಗ ಟಿಕೆಟ್ ಕೊಡಂಗಿಲ್ಲೇನು?"

"ನಗಬ್ಯಾಡ. ಚೊಚ್ಚಲ ಐತಿ."

ಎಂಟು ಬೀಳುವುದು ಫೆಬ್ರವರಿ 21ಕ್ಕೆ. ರಜೆ ಕೇಳಬೇಕು.

ಜನವರಿ 31
ಮ್ಯಾನೇಜರ್ ದ್ಯಾವಪ್ಪ ಸರ್ ಸನ್ನಿಧಿ. ಸಂಬಳ ಸಹಿತ ಹೆರಿಗೆ ರಜೆ ಕೇಳಿದೆ. ಹೊಟ್ಟೆಯನ್ನೇ ಸಾಕ್ಷಿಯಾಗಿ ಮುಂದಿಟ್ಟು, ಅಮ್ಮಿಯ ಗಡಿ ನಿಯಮವನ್ನೂ ಹೇಳಿ.

"ಹೆರಿಗಿಗೆ ಎಂಟು ವಾರ ಇರೂವಾಗ ಕೊಡ್ತೀವಿ. ಅದಕ್ಕೂ ಮೊದಲು ಹೆಡ್ ಆಫೀಸ್ ಒಪ್ಪಂಗಿಲ್ಲವ್ವಾ."

ಅಂದರೆ ಮಾರ್ಚ್! ಕಾನೂನಿಗೂ ಅಮ್ಮಿಗೂ ಹತ್ತು ದಿನದ ಜಗಳ. ನಡುವೆ ನಾನು ಮತ್ತು ಒಳಗಿನ ಸಾಹೇಬರು.

"ಬೇಕಾದ್ರ ರಜೆ ಇಲ್ಲದ ಹಂಗs ಹೋಗು. ಆದರ ಕುರ್ಚಿ ಉಳೀತೈತಿ ಅಂತ ನಾ ಹೇಳಾಕ ಬರಂಗಿಲ್ಲ."

ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಶೇಖರಮ್ಮ ಹಾಗೇ ಹೋದವರು. ಕೂಸಿನೊಂದಿಗೆ ಮರಳಿದಾಗ ಕುರ್ಚಿಯಲ್ಲಿ ನಾನಿದ್ದೆ.

ಸರ್ ಮೀಸೆಯೊಳಗೆ ನಕ್ಕಂತಿತ್ತು... ಹೋದ ತಿಂಗಳು "ಆಡಿಟರ್ ಬಂದ್ರು!" ಎಂದು ಸುಳ್ಳು ಹೇಳಿ ಊಟದಿಂದ ಎಬ್ಬಿಸಿದ್ದೆ. ಕೈಯಲ್ಲಿ ರೊಟ್ಟಿ ಹಿಡಿದೇ ಓಡಿ ಬಂದಿದ್ದರು. ಮರೆತಿಲ್ಲ.

ಫೆಬ್ರವರಿ 6
ಮನೆಯಲ್ಲಿ ಮಹಾಸಭೆ. ಅಧ್ಯಕ್ಷತೆ: ಅಮ್ಜದ್, ನನ್ನ ಪತಿ, ಪಂಕ್ಚರ್ ಅಂಗಡಿಯ ಧಣಿ.

"ಕೆಲಸ ಬಿಟ್ಟುಬಿಡು."

"ನೀವs ಹಡೀರಿ. ನಾ ಪಂಕ್ಚರ್ ಹಾಕ್ತೀನಿ."

ಸಭೆ ಬರಖಾಸ್ತು. ಆದರೆ ಆಮೇಲೆ ನನಗೂ ನಗು ಬರಲಿಲ್ಲ. ಆ ಕುರ್ಚಿ ನನ್ನದು. ಬಿಡಲಾರೆ.

ಫೆಬ್ರವರಿ 17
ಆಫೀಸಿನಲ್ಲೇ ಕುಬಸ! ಕಸ ಗುಡಿಸುವ ಗದ್ದೆಮ್ಮನ ಪಿತೂರಿ. ಕೌಂಟರ್ ಮುಚ್ಚಿ, ಕೈತುಂಬ ಹಸಿರು ಬಳೆ ತೊಡಿಸಿ, ಉಡಿ ತುಂಬಿದರು — ಅಕ್ಕಿ, ಕೊಬ್ಬರಿ, ಉತ್ತತ್ತಿ.

"ನಮ್ಮ ಮಂದ್ಯಾಗ ಬ್ಯಾರೆ ಥರಾ ಮಾಡ್ತಾರ ಗದ್ದೆಮ್ಮಾ."

"ಎರಡೂ ಮಾಡಿಸ್ಕೊ. ಕೂಸು ಬ್ಯಾಡ ಅಂತೈತೇನು?"

ಆಗ ಸರ್ ಎದ್ದರು. ಕನ್ನಡಕ ಏರಿಸಿದರು. "ಶ್ರೀಮತಿ ಅಸ್ಮಾ ಅವರನ್ನು ಈ ಶಾಖೆಯಿಂದ ವರ್ಗಾಯಿಸಲಾಗಿದೆ." ನಿಲ್ಲಿಸಿ ನೀರು ಕುಡಿದರು. ನಿಧಾನವಾಗಿ. ಪೂರ್ತಿ ಲೋಟ.

ದೂರದ ಲಿಂಗಸುಗೂರು ಶಾಖೆಗೆ ಅಟ್ಟಿದರೆಂದೇ ತಿಳಿದೆ. ಏಳು ತಿಂಗಳ ಬಸುರಿಯನ್ನು! ಕಣ್ಣು ತುಂಬಿತು.

"...ಮಸ್ಕಿ ಶಾಖೆಗೆ."

ಮಸ್ಕಿ ಶಾಖೆ ಅಮ್ಮಿಯ ಓಣಿಯಲ್ಲೇ ಇದೆ.

"ಮಾರ್ಚ್ ತನಕ ಅಲ್ಲಿ ಕುಂತು ಕೆಲಸ ಮಾಡು. ಗಡಿ ದಾಟೂ ಮಾತs ಇಲ್ಲ. ಆಮ್ಯಾಲ ಅಲ್ಲಿಂದನ ರಜೆ, ಪಗಾರ ಸಹಿತ. ಇಲ್ಲಿ ಕುರ್ಚಿ ನಿಂದs." ಸ್ವರ ತಗ್ಗಿಸಿದರು. "ಅಲ್ಲಿ ಆಡಿಟರ್ ಬಂದ್ರ ನನ್ನ ನಮಸ್ಕಾರ ಹೇಳು."

ಸೋತೆ. ಜೀವನದಲ್ಲಿ ಮೊದಲ ಸಲ. ಉಡಿಯ ಅಕ್ಕಿಯೆಲ್ಲ ಚೆಲ್ಲುವಷ್ಟು ನಕ್ಕೆ.

ಫೆಬ್ರವರಿ 19
ಮಸ್ಕಿ. ಗಡಿ ದಾಟಿದೆವು — ಏಳರಲ್ಲೇ. ಸಾಹೇಬರು ಬಸ್ಸಿನಲ್ಲಿ ನಿದ್ದೆ.

ಮಾರ್ಚ್ 3
ರಜೆ ಶುರು. ರಂಜಾನ್. ಓಣಿಗೆಲ್ಲ ರೋಜಾ, ನನಗೆ ಮಾತ್ರ ತಟ್ಟೆ ತುಂಬ. ಬೇಸರ ಕಳೆಯಲು "ಅಮ್ಮಿ, ನೋವು!" ಎಂದು ಚೀರಿದೆ. ಬರಿಗಾಲಲ್ಲೇ ಆಟೋ ತರಲು ಓಡಿದಳು. ಮರಳಿದಾಗ ನಾನು ಬಾಳೆಹಣ್ಣು ತಿನ್ನುತ್ತಿದ್ದೆ.

"ಶೈತಾನ್ ಕೀ ಬಚ್ಚಿ!"

ಸೈತಾನನ ಮಗಳೆಂಬ ಬೈಗುಳ ಹೆತ್ತ ಅವಳಿಗೇ ತಗಲುತ್ತದೆಂದು ವಿನಯದಿಂದ ತಿಳಿಸಿದೆ. ಆಗ ಅವಳಿಗೆ ಚಪ್ಪಲಿ ನೆನಪಾಯಿತು.

ಏಪ್ರಿಲ್ 24, ಬೆಳಗ್ಗೆ
ಸರ್ ಫೋನ್ ಮಾಡಿದ್ದರು. "ಗದ್ದೆಮ್ಮ ದಿನಾ ನಿನ್ನ ಕುರ್ಚಿ ಒರೆಸಾಕತ್ತಾಳ. ನನ್ನದು ಮಾತ್ರ ಧೂಳು ಹಿಡದೈತಿ." ಖುಷಿ. ಹಲ್ವಾ ತಿನ್ನೋಣವೆಂದು ಏಳಲು ಹೋದೆ—

ನೋವು. ನಿಜದ್ದು.

ಅಮ್ಮಿಯನ್ನು ಕೂಗಿದೆ. ಅಡುಗೆಮನೆಯಿಂದ ಉತ್ತರ: "ಹೋಗಲೇ, ನಾಟಕ ಸಾಕು!"

ಮತ್ತೆ ಕೂಗಿದೆ. ಈ ಸಲ ನಗದೆ.

ಲಟ್ಟಣಿಗೆ ಬಿದ್ದ ಸದ್ದು. ಬಂದಳು. ಬರಿಗಾಲಲ್ಲೇ. ಪೆನ್ನು ಕಸಿಯುತ್ತಿದ್ದಾಳೆ. ಸಾಹೇಬರೇ, ದಯಮಾಡಿಸಬೇಕು, ತಮಗಾಗಿ ಇಲ್ಲಿ ಎಲ್ಲರೂ—