ಅಕ್ಕನ ಜಾಕೆಟ್ಟು, ನನ್ನ ಲುಕ್ಕು

ನವೆಂಬರ್ 3, ಸೋಮವಾರ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಯಾರನ್ನು ಅಂತ ಗೊತ್ತಿಲ್ಲ. ಈ ನೋಟ್‌ಬುಕ್ಕನ್ನೇ ಇರಬಹುದು — ಕೆಮಿಸ್ಟ್ರಿ ರೆಕಾರ್ಡಿಗೆಂದು ತಂದದ್ದು, ಪಾಪ. ಡೈರಿ ಬರೆಯುವ ಹುಡುಗಿಯರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಸ್ಟೆಲ್ ಸ್ಕೂಲಿನಲ್ಲಿ ಎಂಟು ವರ್ಷ ಅಂಥವರ ಪಕ್ಕದ ಮಂಚದಲ್ಲೇ ಮಲಗಿದ್ದೇನೆ. ಹೂವು ಒಣಗಿಸಿ ಅಂಟಿಸುವ ಜಾತಿ. ಈಗ ನಾನೂ ಸೇರಿದೆ. ಏನು ಮಾಡಲಿ, ಮಾತಾಡೋಣವೆಂದರೆ ಈ ಕಾಲೇಜಿನಲ್ಲಿ ತಲೆಯಲ್ಲಿ ಏನಾದರೂ ಇರುವ ಪ್ರಾಣಿ ಒಂದೂ ಸಿಕ್ಕಿಲ್ಲ. ಸೋ… ಸಾರಿ.

ಬೆಳಿಗ್ಗೆ ಎಂದಿನಂತೆ ಬಿಸಿನೀರಿನ ಕ್ಯೂ. ನನ್ನ ಮುಂದೆ ಒಂಬತ್ತು ಬಕೆಟ್. ನನ್ನ ಸರದಿ ಬಂದಾಗ ನೀರು ತಣ್ಣಗೆ. ರೂಮಿಗೆ ಬಂದರೆ ರೂಮ್‌ಮೇಟ್ ಎರಡನೇ ಸ್ವೆಟರಿನ ಮೇಲೆ ಮೂರನೆಯದನ್ನು ತೂರಿಸಿಕೊಳ್ಳುತ್ತಿದ್ದಾಳೆ. ಕುತ್ತಿಗೆ ಸಿಕ್ಕಿಹಾಕಿಕೊಂಡಿತ್ತು. ಒಳಗಿನಿಂದಲೇ "ಗುಡ್ ಮಾರ್ನಿಂಗ್" ಎಂದಳು. ಇವಳ ಹೆಸರು ಇನ್ನು ಮೂರುಸ್ವೆಟರ್.

ನನ್ನ ಹತ್ತಿರ ಇರುವುದು ಒಂದೇ, ಆದರೆ ಅಸಲಿ ಮಾಲು. ಲೆದರ್ ಜಾಕೆಟ್. ಕಪ್ಪು. ಅಕ್ಕನದು. ಅಕ್ಕನಿಗೆ ಲ್ಯಾಬ್ ಒಂದರಲ್ಲಿ ಹೊಸ ಕೆಲಸ — ಬೆಳಿಗ್ಗೆ ಐದಕ್ಕೇ ಸ್ಕೂಟರ್ ಹತ್ತಿ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವುದು. ಮೂರು ತಿಂಗಳು ಟ್ರಯಲ್. ಪರ್ಮನೆಂಟ್ ಮಾಡುತ್ತಾರೋ ಮನೆಗೆ ಕಳಿಸುತ್ತಾರೋ ಡಿಸೆಂಬರ್ ಕೊನೆಗೆ ಗೊತ್ತಾಗುತ್ತದೆ. ನಾನು ಹೊರಡುವಾಗ ಜಾಕೆಟ್ ಅವಳೇ ತುರುಕಿದ್ದು.

"ನಿಮ್ ಕಾಲೇಜ್ ಕಡೆ ಚಳಿ ಬೇಗ ಶುರುವಾಗತ್ತೆ, ಇಟ್ಕೋ. ಇಲ್ಲಿ ಚಳಿ ಬಿದ್ದಾಗ ಕೇಳ್ತೀನಿ, ಬಸ್ಸಿಗೆ ಹಾಕ್ಬಿಡು. ಆಮೇಲೆ ಇಲ್ಲಸಲ್ಲದ ನೆಪ ಹೇಳ್ಬೇಡ ಕಣೇ."

ನಾನಾ, ನೆಪವಾ.

ನವೆಂಬರ್ 5, ಬುಧವಾರ

ಲೈಬ್ರರಿ ಮೆಟ್ಟಿಲ ಮೇಲೆ ಐದು ಜನ ಸೀನಿಯರ್‌ಗಳು ಕೂತಿರುತ್ತಾರೆ. ಓದಲು ಒಳಗೆ ಹೋದದ್ದನ್ನು ಯಾರೂ ಕಂಡಿಲ್ಲ. ಹೋಗುವವರ ಬಟ್ಟೆಗೆ ಮಾರ್ಕ್ಸ್ ಹಾಕುವುದೇ ಅವರ ಡಿಗ್ರಿ. ಲೀಡರ್ ಒಬ್ಬಳಿದ್ದಾಳೆ, ಮೊಣಕಾಲುದ್ದ ಬೂಟ್ಸ್. ತಲೆ ಖಾಲಿ ಡಬ್ಬ. ಆದರೂ ಅವಳೆದುರು ಹಾಯುವಾಗ ನನ್ನ ನಡಿಗೆ ನನಗೇ ಮರೆತುಹೋಗುತ್ತದೆ. ಎಡಗಾಲಾ ಬಲಗಾಲಾ ಎಂದು ಯೋಚಿಸಬೇಕಾಗುತ್ತದೆ.

ಇವತ್ತು ಬೂಟ್ಸ್ ಕರೆದಳು.

"ಏಯ್ ಫಸ್ಟ್ ಇಯರ್. ಜಾಕೆಟ್ ಸೂಪರ್. ಒಳಗಡೆ ಏನು, ಹಾಸಿಗೆ ತುಂಬ್ಕೊಂಡಿದ್ಯಾ?"

ಐವರೂ ನಕ್ಕರು. ನಾನೂ ನಕ್ಕೆ. ಅದು ಇನ್ನೂ ಅಸಹ್ಯ.

ರೂಮಿಗೆ ಬಂದು ಕನ್ನಡಿ ನೋಡಿದೆ. ನಿಜ. ಒಳಗೆ ದಪ್ಪನೆಯ ಪದರ, ಚೌಕಚೌಕ ಹೊಲಿಗೆ ಹಾಕಿದ ದುಪ್ಪಟಿಯಂಥದು. ಗಂಡಸರ ಅಳತೆ ಬೇರೆ. ನಾನು ಡ್ರಮ್ಮಿನ ಹಾಗೆ ಕಾಣುತ್ತೇನೆ. ಲೆದರ್ ಹಾಕಿದ ಡ್ರಮ್.

ನವೆಂಬರ್ 9, ಭಾನುವಾರ, ಮಧ್ಯಾಹ್ನ

ಒಳಪದರ ತೆಗೆದೆ. ಇಪ್ಪತ್ತು ನಿಮಿಷದ ಕೆಲಸ. ಹಾಸ್ಟೆಲ್ ಸ್ಕೂಲಿನಲ್ಲಿ ಪ್ರತಿ ಬಟ್ಟೆಗೂ ನಂಬರ್ ಪಟ್ಟಿ ಹೊಲಿಯುತ್ತಿದ್ದರು, ನಾನು ನಲವತ್ತೇಳು. ರಜೆಗೆ ಹೋಗುವ ಹಿಂದಿನ ದಿನ ಎಲ್ಲರೂ ಸಾಲಾಗಿ ಕೂತು ಬ್ಲೇಡಿನಿಂದ ಅದನ್ನು ಕೀಳುವುದು. ಮನೆಯಲ್ಲಾದರೂ ನಂಬರ್ ಆಗಬಾರದಲ್ಲ. ಬ್ಲೇಡಿನ ಮೂಲೆಯನ್ನು ಹೊಲಿಗೆಯ ಕೆಳಗೆ ತೂರಿಸಿ ಒಂದೊಂದೇ ದಾರ ಎತ್ತಬೇಕು. ಕೈಗೆ ಅಷ್ಟು ಒಗ್ಗಿದೆ, ಕಣ್ಣು ಬೇಕಿಲ್ಲ. ಎರಡು ಕಡೆ ಬ್ಲೇಡ್ ಚರ್ಮಕ್ಕೆ ತಾಗಿತು. ಒಳಭಾಗ, ಕಾಣುವುದಿಲ್ಲ.

ಮೂರುಸ್ವೆಟರ್ ಮಂಚದ ಮೇಲಿಂದ ನೋಡುತ್ತಿದ್ದಳು.

"ಅದನ್ಯಾಕೆ ಕಿತ್ತೆ?"

"ಫಿಟ್ಟಿಂಗ್."

"ತೊಗಲು ಗಾಳಿ ತಡಿಯತ್ತೆ, ಅಷ್ಟೇ ಕಣೇ. ಬಿಸಿ ಅನ್ನೋದು ನಿನ್ನ ಮೈದು. ಒಳಗೆ ಏನಾದ್ರೂ ಇದ್ರೆ ತಾನೇ ಅದು ನಿಲ್ಲೋದು? ತೆಳ್ಳಗಿನ ಉಣ್ಣೆದೊಂದು ಹಾಕ್ಕೊಂಡು, ಕತ್ತಿಗೆ ಸ್ಕಾರ್ಫ್ ಸುತ್ಕೊಂಡು, ಜಿಪ್ ಮೇಲ್ತನಕ ಎಳ್ಕೋ. ಲುಕ್ಕೂ ಇರತ್ತೆ, ಜೀವಾನೂ ಇರತ್ತೆ."

ಫ್ಯಾಷನ್ ಪಾಠ. ಯಾರಿಂದ? ಕೈ ಬಗ್ಗಿಸಿದರೂ ಮೂಗು ಮುಟ್ಟಲಾಗದಷ್ಟು ಸ್ವೆಟರ್ ಹಾಕಿದವಳಿಂದ.

ಪದರವನ್ನು ಮಂಚದ ಕೆಳಗೆ ಎಸೆದೆ. "ನಿಂಗೆ ಬೇಡ್ವಾ? ನಾನು ಕಾಲ್ಮೇಲೆ ಹಾಕ್ಕೊಳ್ಲಾ, ಓದುವಾಗ?" ಎಂದಳು. ಹಾಕಿಕೋ ತಾಯಿ.

ನವೆಂಬರ್ 10, ಸೋಮವಾರ

ಈಗ ಫಿಟ್. ಒಳಗೆ ಬಿಳಿ ಟೀಶರ್ಟ್ ಮಾತ್ರ. ಜಿಪ್ ಓಪನ್. ಕಾಲರ್ ಎತ್ತಿದ್ದು. ಬೂಟ್ಸ್ ನೋಡಿ ಸರಿದು ಜಾಗ ಕೊಟ್ಟಳು. ನಾಲ್ಕನೇ ಮೆಟ್ಟಿಲು. ಕಲ್ಲು ಮಂಜುಗಡ್ಡೆ. ಅರ್ಧ ಗಂಟೆ ಕೂತೆ. ಮಾತು ಪೂರ್ತಿ ಬೇರೆಯವರ ಚಪ್ಪಲಿಯ ಮೇಲೆ. ಒಂದು ಹೊಸ ವಿಷಯ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಲ್ಲು ಕಟಕಟ ಅನ್ನದಿರಲಿ ಎಂದು ಬಾಯಿ ಬಿಗಿಹಿಡಿದಿದ್ದೆ. ಅದನ್ನೇ ಆಟಿಟ್ಯೂಡ್ ಅಂದುಕೊಂಡರು. ದಡ್ಡರು!

ನವೆಂಬರ್ 20, ಗುರುವಾರ

ಅಕ್ಕನ ಫೋನ್. ಹಿಂದೆ ಅಮ್ಮ ಪಾತ್ರೆ ಕುಕ್ಕುವ ಸದ್ದು.

"ಇಲ್ಲಿ ಚಳಿ ಬಿತ್ತು ಕಣೇ. ಬೆಳಿಗ್ಗೆ ಸ್ಕೂಟರ್ ಮೇಲೆ ಎದೆ ಕೊರೆಯತ್ತೆ. ಜಾಕೆಟ್ ಕಳಿಸ್ತೀಯಾ?"

"ಕಳಿಸ್ತೀನಿ ಅಕ್ಕ. ಡ್ರೈ ಕ್ಲೀನಿಂಗ್‌ಗೆ ಕೊಟ್ಟಿದೀನಿ. ಒಂದು… ಹತ್ತು ದಿನ ಅಂದ್ರು."

"ಹತ್ತು ದಿನಾನಾ? ಅದೇನು ಮದುವೆ ಸೀರೆನಾ?"

"ಲೆದರ್ ಅಲ್ವಾ ಅಕ್ಕ. ಸ್ಪೆಷಲ್."

"ಸರಿ ಬಿಡು. ಅಲ್ಲೀತನಕ ರೈನ್‌ಕೋಟ್ ಹಾಕ್ಕೊಂಡು ಹೋಗ್ತೀನಿ. ಪೇಷಂಟ್‌ಗಳು ಮಳೆ ಬರ್ತಿದ್ಯಾ ಅಂತ ಆಕಾಶ ನೋಡ್ತಾರೆ ಅಷ್ಟೇ."

ನಕ್ಕಳು. ಅವಳ ನಗುವೂ ಒಂದು ಕಾಟ.

ವಿಷಯ ಏನೆಂದರೆ 29ಕ್ಕೆ ಫೋಟೋ. ಕಾಲೇಜ್ ಮ್ಯಾಗಜೀನ್ ಕವರ್‌ಗೆ ಮೆಟ್ಟಿಲ ಗ್ಯಾಂಗ್, ಜೊತೆಗೆ ಒಬ್ಬಳೇ ಫಸ್ಟ್ ಇಯರ್. ನಾನು. ಜಾಕೆಟ್ ಇಲ್ಲದ ನನ್ನನ್ನು ಯಾರು ಕರೆಯುತ್ತಾರೆ? 29 ಆದ ಕೂಡಲೇ ಕಳಿಸಿಬಿಡುವುದು. ಒಂಬತ್ತು ದಿನ ಅಷ್ಟೇ. ಒಂಬತ್ತು ದಿನದಲ್ಲಿ ಯಾರಿಗೇನಾಗುತ್ತದೆ.

ನವೆಂಬರ್ 29, ಶನಿವಾರ

ಫೋಟೋ ಆಯಿತು. ಫೋಟೋ ತೆಗೆಯುವ ಸೀನಿಯರ್‌ಗೆ ಗಡ್ಡ ಬಿಟ್ಟರೆ ಬೇರೆ ಅರ್ಹತೆ ಇಲ್ಲ. "ಜಿಪ್ ತೆಗಿ, ಗಾಳಿ ಬರೋ ಕಡೆ ನಿಲ್ಲು, ಕೂದಲು ಹಾರ್ಬೇಕು." ನಲವತ್ತು ನಿಮಿಷ. ಕೊನೆಗೆ ಕ್ಯಾಮೆರಾ ಪರದೆಯಲ್ಲಿ ತೋರಿಸಿದ. ಬೂಟ್ಸ್ ಚೆನ್ನಾಗಿ ಬಂದಿದ್ದಾಳೆ. ನಾನು ತುಟಿ ನೀಲಿ, ಮೂಗು ಕೆಂಪು, ಭುಜ ಕಿವಿಯ ಹತ್ತಿರ.

"ಇವಳ್ಯಾಕೆ ಹೀಗೆ, ಒದ್ದೆ ಕೋಳಿ ಥರ?" ಎಂದ.

"ಕ್ರಾಪ್ ಮಾಡು" ಎಂದಳು ಬೂಟ್ಸ್. ನನ್ನೆದುರಿಗೇ. ಪಕ್ಕದ ಕುರ್ಚಿ ಸರಿಸು ಎನ್ನುವ ಹಾಗೆ.

ಇಂಥ ಜನರಿಗಾಗಿ!

ನವೆಂಬರ್ 30, ಭಾನುವಾರ

ಜಾಕೆಟ್ ಪ್ಯಾಕ್ ಮಾಡಲು ಕೂತೆ. ಒಳಪದರ ಇಲ್ಲದ ಜಾಕೆಟ್. ಚರ್ಮದ ಒಳಬದಿಯಲ್ಲಿ ಕಿತ್ತ ದಾರಗಳು ಮೀಸೆಯ ಹಾಗೆ. ಅಕ್ಕ ತೆರೆದ ಕೂಡಲೇ ನೋಡುತ್ತಾಳೆ. ಬೈಯುವುದಿಲ್ಲ, ಅದೇ ಕಷ್ಟ. "ಹೋಗ್ಲಿ ಬಿಡು" ಎನ್ನುತ್ತಾಳೆ. ಆ ಎರಡು ಪದ ಕೇಳುವುದಕ್ಕಿಂತ…

ಮೆಸೇಜ್ ಹಾಕಿದೆ: "ಡ್ರೈ ಕ್ಲೀನಿಂಗ್ ಲೇಟ್ ಅಕ್ಕ. ಇನ್ನೊಂದು ವಾರ."

"ಪರವಾಗಿಲ್ಲ ಪುಟ್ಟಿ" ಎಂದು ಬಂತು. ಒಂದೇ ನಿಮಿಷದಲ್ಲಿ.

ಡಿಸೆಂಬರ್ 11, ಗುರುವಾರ

ಅಮ್ಮ ಫೋನ್ ಮಾಡಿದಳು. ಅಮ್ಮ ಸಾಮಾನ್ಯವಾಗಿ ತಾನಾಗಿ ಫೋನ್ ಮಾಡುವವಳಲ್ಲ.

"ನಿಮ್ಮಕ್ಕ ಮಲಗಿದಾಳೆ. ಎದೆ ಕಟ್ಟಿದೆ. ಕೆಮ್ಮು, ಕೆಮ್ಮು. ಒಂದು ಮನೆಯವರು ಲ್ಯಾಬಿಗೆ ಫೋನ್ ಮಾಡಿ, ಕೆಮ್ಮೋರನ್ನ ಸೂಜಿ ಹಿಡ್ಕೊಂಡು ಮನೆಗೆ ಕಳಿಸ್ಬೇಡಿ ಅಂದ್ರಂತೆ. ಲ್ಯಾಬಿನವರು ಕೆಮ್ಮು ಹೋದ್ಮೇಲೆ ಬಾ ಅಂದಿದಾರೆ."

"ಟ್ರಯಲ್‌ನಲ್ಲಿ ರಜೆ ಹಾಕಬಹುದಾ?"

"ಹದಿನೈದನೇ ತಾರೀಖು ಸೋಮವಾರ ಬರ್ದಿದ್ರೆ ಬೇರೆಯವರನ್ನ ತಗೋತಾರಂತೆ. ಇವಳು ಆ ರೈನ್‌ಕೋಟ್ ಹಾಕ್ಕೊಂಡೇ ಹೋಗ್ತೀನಿ ಅಂತಾಳೆ. ಒಳಗೆಲ್ಲ ಬೆವರು, ಮೇಲೆ ಗಾಳಿ. ನಾನು ಬೇಡ ಅಂದೆ. ನೀನಾದ್ರೂ ಹೇಳು. ನಿನ್ನ ಮಾತು ಕೇಳ್ತಾಳೆ."

ನನ್ನ ಮಾತು!

"ಆ ಜಾಕೆಟ್ ಬಂದಿದ್ರೆ ಆಗ್ತಿತ್ತು" ಎಂದಳು ಅಮ್ಮ. ಆಕ್ಷೇಪಣೆಯ ದನಿ ಕೂಡ ಅಲ್ಲ. "ಆ ಅಂಗಡಿಯವನಿಗೆ ಸ್ವಲ್ಪ ಜೋರು ಮಾಡು. ಮೆತ್ತಗಿದ್ರೆ ಆಗಲ್ಲ."

ಮಾಡುತ್ತೇನೆ ಎಂದೆ.

ಅದೇ ದಿನ, ಸಂಜೆ 5

ಮೂರುಸ್ವೆಟರ್‌ಗೆ ಹೇಳಿದೆ. ಎಲ್ಲವನ್ನೂ. ಯಾಕೆ ಅವಳಿಗೇ ಹೇಳಿದೆನೋ. ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ, ಅದಕ್ಕೇ ಇರಬೇಕು. ಉಪದೇಶ ಕಾದೆ. ಅವಳು ತನ್ನ ಕಪಾಟು ತೆಗೆದು ಪದರವನ್ನು ಕೊಟ್ಟಳು. ಒಗೆದು ಮಡಿಸಿದ್ದಾಳೆ. ನೂಲು ಬಿಡದಿರಲಿ ಎಂದು ಅಂಚಿಗೆಲ್ಲ ಹೊಲಿಗೆ ಹಾಕಿದ್ದಾಳೆ. ನೇರವಾದ ಹೊಲಿಗೆ. ಅದನ್ನು ನೋಡಿ ಇನ್ನೂ ಸಿಟ್ಟು ಬಂತು.

"ನಿಂಗೆ ಕಾಲಿಗೆ?"

"ಇನ್ನೊಂದು ಸ್ವೆಟರ್ ಇದೆ" ಎಂದಳು. ನಾಲ್ಕನೆಯದು. ನಗು ಬಂದುಬಿಟ್ಟಿತು. ಆಮೇಲೆ ಅದು ನಗು ಆಗಿ ಉಳಿಯಲಿಲ್ಲ.

ಡಿಸೆಂಬರ್ 12, ಶುಕ್ರವಾರ

ಕ್ಲಾಸ್ ಬಿಟ್ಟೆ. ಬಟ್ಟೆ ಹೊಲಿಯುವವರು ಇಬ್ಬರೂ ಚರ್ಮಕ್ಕೆ ತಮ್ಮ ಮೆಷಿನ್ ಆಗುವುದಿಲ್ಲ ಎಂದರು. ಬಸ್‌ಸ್ಟ್ಯಾಂಡ್ ಎದುರು ಬೂಟು ರಿಪೇರಿ ಮಾಡುವ ಅಜ್ಜ ಒಬ್ಬರು ಸಿಕ್ಕರು. ಜಾಕೆಟ್ ಒಳಗೆ ಹೊರಗೆ ಮಾಡಿ ನೋಡಿದರು.

"ಯಾರಮ್ಮ ಇದಕ್ಕೆ ಆಪರೇಷನ್ ಮಾಡಿದ್ದು?"

"ಒಬ್ಳು ಫ್ರೆಂಡು."

"ನಿನ್ ಫ್ರೆಂಡಿಗೆ ಕಣ್ಣಿಲ್ವಾ?"

ನನ್ನ ಕೈಲಿದ್ದ ಪದರವನ್ನು ತೆಗೆದುಕೊಂಡು ಅಂಚಿನ ಮಡಿಕೆಯನ್ನು ಹೆಬ್ಬೆರಳಿನಿಂದ ಬಿಡಿಸಿದರು. ಒಳಗೆ ಜಿಪ್. ಸಣ್ಣದು, ಕಪ್ಪು, ಒಂದು ಬದಿಯಿಂದ ಇನ್ನೊಂದು ಬದಿಗೆ ಸುತ್ತಲೂ. ಎರಡೂ ಅರ್ಧ ಒಂದನ್ನೊಂದು ಕಚ್ಚಿಕೊಂಡೇ ಪದರದ ಜೊತೆ ಬಂದಿದ್ದವು. ನಾನು ಕಿತ್ತದ್ದು ಆ ಜಿಪ್ಪನ್ನು ಜಾಕೆಟ್ಟಿಗೆ ಹಿಡಿದಿದ್ದ ಹೊಲಿಗೆ.

"ಎಳೆದ್ರೆ ಬರ್ತಿತ್ತು. ಬಿಸಿಲಾದ್ರೆ ತೆಗಿ, ಚಳಿಯಾದ್ರೆ ಹಾಕು ಅಂತಾನೇ ಮಾಡಿರೋದು. ಇದನ್ನ ಬ್ಲೇಡಲ್ಲಿ ಕೀಳೋಳು… ಓದಿರೋ ಹುಡುಗೀನಾ?"

"ಹೂಂ."

"ಅದಕ್ಕೇ."

ಎಲ್ಲರ ಮೇಲೂ ಎರಡು ಮಾತು ರೆಡಿ ಇಟ್ಟುಕೊಂಡಿರುವವಳು ಹೊಲಿದು ಕೊಡುತ್ತೀರಾ ಎಂದು ಮಾತ್ರ ಕೇಳಿದೆ.

ಹೊಸ ತೂತು ಹಾಕುವ ಹಾಗಿಲ್ಲವಂತೆ. ಬಟ್ಟೆಯಾದರೆ ಮುಚ್ಚಿಕೊಳ್ಳುತ್ತದೆ, ತೊಗಲಿನ ತೂತು ಹಾಗೇ ಉಳಿಯುತ್ತದೆ. ಪಕ್ಕಪಕ್ಕದಲ್ಲಿ ಎರಡು ಸಾಲು ತೂತಾದರೆ ಅಂಚೆಚೀಟಿಯ ಹಾಗೆ ಹರಿಯುತ್ತದೆ. ಹಳೆಯ ತೂತನ್ನೇ ಹುಡುಕಿ ಕೈಯಿಂದ ಹೊಲಿಯಬೇಕು. "ನಾಳೆ ಮಧ್ಯಾಹ್ನ ಬಾ" ಎಂದರು. ನಾನು ಅಲ್ಲಿಂದ ಏಳಲಿಲ್ಲ. ಸ್ಟೂಲಿನ ಮೇಲೆ ಕೂತು, ಮೊಬೈಲ್ ಟಾರ್ಚ್ ಹಿಡಿದು ತೂತು ತೋರಿಸುತ್ತ ಹೋದೆ. ಅವರು ಬೇಡ ಅನ್ನಲಿಲ್ಲ. ಒಂದು ಸಲ ಮಾತ್ರ "ಬೆಳಕಿಗೆ ಅಡ್ಡ ಬರ್ಬೇಡ" ಎಂದರು. ಬ್ಲೇಡ್ ತಾಗಿದ ಎರಡು ಜಾಗಕ್ಕೆ ಒಳಗಿನಿಂದ ತೇಪೆ. ಅವು ಎಷ್ಟು ದಿನ ನಿಲ್ಲುತ್ತವೆ ಎಂದು ಕೇಳಿದೆ. ಭುಜ ಕುಣಿಸಿದರು. ಮುಗಿಯುವಾಗ ಸುತ್ತಲಿನ ಅಂಗಡಿಗಳೆಲ್ಲ ಮುಚ್ಚಿದ್ದವು.

ಡಿಸೆಂಬರ್ 13, ಶನಿವಾರ

ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. "ಏನಿದೆ ಇದರಲ್ಲಿ?" ಎಂದ. "ಜಾಕೆಟ್" ಎಂದೆ. ನನ್ನ ಮೈಮೇಲಿನ ತೆಳು ಟೀಶರ್ಟ್ ನೋಡಿ ಪೆಟ್ಟಿಗೆಯನ್ನು ಸೀಟಿನ ಕೆಳಗೆ ತಳ್ಳಿದ. ಅದನ್ನು ಹೊತ್ತು ಬಸ್‌ಸ್ಟ್ಯಾಂಡಿಗೆ ಹೋಗುವಾಗ ಮೆಟ್ಟಿಲ ಗ್ಯಾಂಗ್ ಕಾಣಿಸಿತ್ತು. ಬೂಟ್ಸ್ ಏನೋ ಕೂಗಿದಳು. ನಿಲ್ಲಲಿಲ್ಲ. ಎಡಗಾಲು ಬಲಗಾಲು ತಾವಾಗಿಯೇ ಬಂದವು.

ಬಸ್ ರಾತ್ರಿಯೊಳಗೆ ಅಲ್ಲಿ. ಸೋಮವಾರ ಐದಕ್ಕೆ ಅಕ್ಕ ಹೋಗಬೇಕು. ಹೋಗಲಾದರೆ.

ಪೆಟ್ಟಿಗೆಯಲ್ಲಿ ಚೀಟಿ ಇಡಲಿಲ್ಲ. ಚೀಟಿ ಇಟ್ಟರೆ ಅದು ತಲುಪುವ ತನಕ ನಾನು ಒಳ್ಳೆಯವಳಾಗಿಯೇ ಇರುತ್ತೇನೆ. ಅದು ಬೇಡ. ಈಗಲೇ ಮೆಸೇಜ್ ಹಾಕಿದೆ. ಅಳಿಸಿ ಅಳಿಸಿ ಹನ್ನೊಂದನೇ ಸಲಕ್ಕೆ ಹೋದದ್ದು ಇದು:

"ಅಕ್ಕ, ಜಾಕೆಟ್ ಬೆಳಗಿನ ಬಸ್ಸಿಗೆ ಹಾಕಿದ್ದೀನಿ. ಡ್ರೈ ಕ್ಲೀನಿಂಗ್ ಸುಳ್ಳು. ಒಳಪದರ ನಾನೇ ಬ್ಲೇಡಲ್ಲಿ ಕಿತ್ತಿದ್ದೆ, ತೆಳ್ಳಗೆ ಕಾಣೋದಕ್ಕೆ. ಆಮೇಲೆ ಒಂದು ಫೋಟೋಗೋಸ್ಕರ ಇಟ್ಕೊಂಡೆ. ಈಗ ಹೊಲಿಸಿದೀನಿ. ಒಳಗೆ ಉಣ್ಣೆದು ಹಾಕ್ಕೊಂಡು ಜಿಪ್ ಮೇಲ್ತನಕ ಎಳ್ಕೋ. ನಿನಗೆ ಕೆಮ್ಮು ಬಂದಿದ್ದು ನನ್ನಿಂದ."

ಬೆಳಿಗ್ಗೆ 9.40ಕ್ಕೆ ಕಳಿಸಿದ್ದು. ಆಗಲೇ ಓದಿದ್ದಾಳೆ, ನೀಲಿ ಟಿಕ್ ಬಿದ್ದಿದೆ. ಈಗ 11.15. ಒಂದು ನಿಮಿಷದಲ್ಲಿ ಉತ್ತರ ಕೊಡುವವಳು.

ಮಲಗಿರಬೇಕು. ಇಲ್ಲ, ಓದಿದ್ದಾಳಲ್ಲ. ಕೆಮ್ಮುತ್ತಿರಬೇಕು. ಅಮ್ಮನಿಗೆ ತೋರಿಸುತ್ತಿರಬೇಕು.

ಇನ್ನೊಂದು ಕಳಿಸುತ್ತೇನೆ —

"ಅಕ್ಕ, ಹೋಗ್ಲಿ ಬಿಡು ಅನ್ಬೇಡ. ಬೈದಾದ್ರೂ ಸರಿ, ಬೇಗ ರಿಪ್ಲೈ ಮಾಡು."